ಮುಳ್ಳುತಂತಿಯ ಗೀರು: ಕೆಂಪಿಯ ಗಾಯದ ಹದಿನಾಲ್ಕು ದಿನ

ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಜಗಲಿಯ ಮೇಲೆ ನಾಲ್ಕೈದು ಹನಿ ರಕ್ತ ಬಿದ್ದಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಇದಕ್ಕೆ ಯಾರೂ ಗಾಬರಿಯಾಗುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತ ಅಡಿಕೆ ತೋಟ ಇರುವ ಮನೆಯೆಂದರೆ ಮನುಷ್ಯರ ಕಾಲಿಗೂ ನಾಯಿಯ ಬೆರಳ ಸಂದಿಗೂ ಉಂಬಳ (ಜಿಗಣೆ) ಹತ್ತುವುದು ಇದ್ದದ್ದೇ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಉಂಬಳ ಬಿಟ್ಟು ಹೋದ ಮೇಲೂ ತುಂಬಾ ಹೊತ್ತು ರಕ್ತ ಇಳಿಯುತ್ತದೆ. ಹಾಗಾಗಿ ನಮ್ಮ ನಾಯಿ ಕೆಂಪಿಯ ನಾಲ್ಕೂ ಕಾಲು ಬಿಡಿಸಿ ನೋಡಿದೆ. ಮೂಗಿನ ಹೊಳ್ಳೆ ನೋಡಿದೆ. ಏನೂ ಇರಲಿಲ್ಲ. ಮೈ ಸವರುತ್ತಾ ಬಂದಾಗ ಬಲ ಪಕ್ಕೆಯ ಹತ್ತಿರ ಕೈಗೆ ಅಂಟಂಟು ತಾಗಿತು. ಕೂದಲು ಬಿಡಿಸಿದರೆ ಉದ್ದನೆಯ ಗೀರು. ತೋಟದ ಕೆಳಗಿನ ಬೇಲಿಯ ಮುಳ್ಳುತಂತಿಗೆ ಅವಳ ಕೆಂಚು ಕೂದಲು ಸಿಕ್ಕಿಕೊಂಡಿದ್ದು ಆಮೇಲೆ ಕಂಡಿತು.

ಕೆಂಪಿ ಊರುನಾಯಿ. ನಾಲ್ಕು ವರ್ಷ, 17 ಕೆ.ಜಿ. ತೂಕ, ರೇಬೀಸ್ ಲಸಿಕೆ ಆ ವರ್ಷದ್ದು ಆಗಿತ್ತು. ಗಾಯ ಸುಮಾರು 4 ಸೆಂ.ಮೀ. ಉದ್ದ, ಆಳ ಇಲ್ಲ. ವಾರದೊಳಗೆ ಮಾಯಬೇಕಾದ ಗಾಯ ಇದು. ಮಾಯಲು ಹದಿನಾಲ್ಕು ದಿನ ಹಿಡಿಯಿತು. ತಡವಾಗಿದ್ದಕ್ಕೆ ಮುಳ್ಳುತಂತಿ ಕಾರಣ ಅಲ್ಲ, ಮನೆಯವರಾದ ನಾವು. ಏನೇನು ಮಾಡಿದೆವು, ಎಲ್ಲಿ ಕೆಡಿಸಿದೆವು ಎಂದು ದಿನದ ಲೆಕ್ಕದಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನ

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಮನೆಯಲ್ಲಿ ನೋಡಿಕೊಳ್ಳುವ ಗಾಯವಾ, ಅಲ್ವಾ? ಒಗೆದ ಹತ್ತಿಬಟ್ಟೆ ಮಡಚಿ ಗಾಯದ ಮೇಲೆ ಒತ್ತಿ ಹಿಡಿದೆ. ಐದು ನಿಮಿಷ, ನಡುವೆ ಎತ್ತಿ ನೋಡದೆ. ಇದು ಹೇಳುವಷ್ಟು ಸುಲಭ ಅಲ್ಲ, ಅರ್ಧ ನಿಮಿಷಕ್ಕೆ ಒಮ್ಮೆ ಎತ್ತಿ ನೋಡಬೇಕು ಎನಿಸುತ್ತದೆ. ಎತ್ತಿದರೆ ಆಗಷ್ಟೇ ಕಟ್ಟಿಕೊಂಡ ಹೆಪ್ಪು ಕಿತ್ತು ಬರುತ್ತದೆ. ರಕ್ತ ನಿಂತಿತು. ಹತ್ತು ನಿಮಿಷ ಒತ್ತಿದರೂ ನಿಲ್ಲದಿದ್ದರೆ ಅಲ್ಲಿಂದಲೇ ಆಸ್ಪತ್ರೆಗೆ ಹೊರಡಬೇಕು.

ಆಮೇಲೆ ಗಾಯದ ಎರಡೂ ಬದಿಯ ಚರ್ಮವನ್ನು ಮೆಲ್ಲಗೆ ಎಳೆದು ನೋಡಿದೆ. ಗಾಯ ಬಾಯಿ ಬಿಡಲಿಲ್ಲ. ಒಳಗೆ ಬಿಳಿ ಕೊಬ್ಬಾಗಲಿ ಮಾಂಸವಾಗಲಿ ಕಾಣಲಿಲ್ಲ. ನಾಯಿಯ ಚರ್ಮ ನಮ್ಮದರ ಹಾಗೆ ಮೈಗೆ ಬಿಗಿಯಾಗಿ ಅಂಟಿಕೊಂಡಿರುವುದಿಲ್ಲ, ಸಡಿಲ ಅಂಗಿಯ ಹಾಗೆ ಇರುತ್ತದೆ. ಅದಕ್ಕೇ ಚರ್ಮ ಪೂರ್ತಿ ಹರಿದರೆ ಒಳಗೆ ಜೇಬಿನಂತೆ ಜಾಗ ಆಗಿ ಕೊಳೆ, ಕೂದಲು ಸೇರಿಕೊಳ್ಳುತ್ತದೆ. ಅಂಥ ಗಾಯಕ್ಕೆ ಹೊಲಿಗೆ ಬೇಕು. ಮೊದಲ ಆರರಿಂದ ಎಂಟು ಗಂಟೆಯೊಳಗೆ ಹೊಲಿದರೆ ಒಳ್ಳೆಯದು, ತಡವಾದಷ್ಟೂ ಕೀವು ಒಳಗೇ ಉಳಿಯುವ ಭಯ ಜಾಸ್ತಿ.

ಒಸಡು ಒತ್ತಿ ಬಿಟ್ಟೆ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬಂತು, ಅಂದರೆ ರಕ್ತಸಂಚಾರ ಸರಿ ಇದೆ. ಜ್ವರ ನೋಡಿದೆ, 101.8 ಡಿಗ್ರಿ. ಮನುಷ್ಯರಿಗಾದರೆ ಇದು ಜ್ವರ, ನಾಯಿಗೆ ಸರಿಯಾದ ಬಿಸಿ. ಅವುಗಳ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಥರ್ಮಾಮೀಟರ್ ಬಾಯಿಗೆ ಇಡುವುದಲ್ಲ, ತುದಿಗೆ ಸ್ವಲ್ಪ ಎಣ್ಣೆ ಸವರಿ ಗುದದ್ವಾರಕ್ಕೆ ಇಡಬೇಕು. ಆ ಥರ್ಮಾಮೀಟರ್ ಮತ್ತೆ ಮನೆಯವರಿಗೆ ಬೇಡ ಎಂದು ನಾನು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ತೊಳೆಯುವ ಕೆಲಸ. ಅಪ್ಪ ಬಚ್ಚಲು ಮನೆಯಿಂದ ಆಂಟಿಸೆಪ್ಟಿಕ್ ಬಾಟಲಿ ತಂದರು, ನೀರಿಗೆ ಬಿದ್ದರೆ ಹಾಲಿನ ಹಾಗೆ ಬೆಳ್ಳಗಾಗುತ್ತದಲ್ಲ, ಅದು. ಬೇಡ ಎಂದೆ. ಅದು ನಾಯಿಯ ಚರ್ಮಕ್ಕೆ ಉರಿ, ನೆಕ್ಕಿದರೆ ಬಾಯಿ ಹೊಟ್ಟೆಗೂ ತೊಂದರೆ. ಬೆಕ್ಕಿಗಂತೂ ವಿಷವೇ. ನನ್ನ ಪೆಟ್ಟಿಗೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇತ್ತು. ಹಾಕಿದರೆ ಬುರುಬುರು ನೊರೆ ಬರುತ್ತದೆ, ನೋಡಿದವರಿಗೆ ಭಾರೀ ಕೆಲಸ ಮಾಡುತ್ತಿದೆ ಎನಿಸುತ್ತದೆ. ನೊರೆ ಬರುವುದು ನಮ್ಮ ರಕ್ತದಲ್ಲೇ ಇರುವ ಒಂದು ಕಿಣ್ವ ಅದನ್ನು ಒಡೆದು ಆಮ್ಲಜನಕ ಬಿಡಿಸುವುದರಿಂದ. ಆದರೆ ಗಾಯ ಕೂಡಿಸಲು ಬರುವ ಹೊಸ ಜೀವಕೋಶಗಳನ್ನೂ ಅದು ಸುಡುತ್ತದೆ. ಅದನ್ನೂ ಒಳಗಿಟ್ಟೆ.

ಬೇಕಾಗಿದ್ದು ಉಪ್ಪುನೀರು, ಅಷ್ಟೇ. ಅರ್ಧ ಲೀಟರ್ ನೀರು ಚೆನ್ನಾಗಿ ಕುದಿಸಿ, ಮುಕ್ಕಾಲು ಟೀ ಚಮಚ ಉಪ್ಪು ಹಾಕಿ ಆರಿಸಿದೆ. ಸುಮಾರು ನಾಲ್ಕೂವರೆ ಗ್ರಾಂ ಉಪ್ಪು ಆಗುತ್ತದೆ, ಅಂದರೆ ಆಸ್ಪತ್ರೆಯ ಸಲೈನಿನ 0.9 ಶೇಕಡಾದ ಹತ್ತಿರ. ಉಪ್ಪು ಜಾಸ್ತಿ ಹಾಕಿದರೆ ಜಾಸ್ತಿ ಗುಣ ಇಲ್ಲ, ಜಾಸ್ತಿ ಉರಿ. ಔಷಧಿ ಅಂಗಡಿಯಲ್ಲಿ 500 ಮಿ.ಲೀ. ಎನ್.ಎಸ್. (ನಾರ್ಮಲ್ ಸಲೈನ್) ಬಾಟಲಿ ಸಿಗುತ್ತದೆ, ಅದು ಇದ್ದರೆ ಇನ್ನೂ ಸಲೀಸು.

ಕೂದಲು ಕತ್ತರಿಸುವಾಗ ಒಂದು ಉಪಾಯ ಇದೆ. ಗಾಯದ ಮೇಲೆ ಮೊದಲು ಸಾದಾ ಜೆಲ್ ತುಂಬಬೇಕು. ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಗೆ ಹಚ್ಚುತ್ತಾರಲ್ಲ, ಅಂಥ ನೀರಿಗೆ ಕರಗುವ ಜೆಲ್. ಕತ್ತರಿಸಿದ ಕೂದಲೆಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ, ಗಾಯದೊಳಗೆ ಹೋಗುವುದಿಲ್ಲ, ತೊಳೆದಾಗ ಜೆಲ್ ಸಮೇತ ಹೋಗುತ್ತದೆ. ಚರ್ಮಕ್ಕೂ ಕತ್ತರಿಗೂ ನಡುವೆ ಬಾಚಣಿಗೆ ಇಟ್ಟುಕೊಂಡೆ. ನಾಯಿ ಮಿಸುಕಿದರೂ ಚರ್ಮಕ್ಕೆ ಕತ್ತರಿ ತಾಗಲಿಲ್ಲ. ಮಗಳು ಮುಂದೆ ಕೂತು ಚಪಾತಿ ಚೂರು ಒಂದೊಂದೇ ಕೊಡುತ್ತಿದ್ದಳು. ಎಷ್ಟೇ ಸಾಧು ನಾಯಿ ಆದರೂ ನೋವಾದಾಗ ಬಾಯಿ ಹಾಕುತ್ತದೆ, ಅದಕ್ಕೆ ಮೂತಿಗೆ ಬಟ್ಟೆಪಟ್ಟಿ ಸುತ್ತಲು ತಯಾರಾಗಿಯೇ ಇದ್ದೆ. ಬೇಕಾಗಲಿಲ್ಲ. ಚಪಾತಿ ಸಾಕಾಯಿತು.

ಸೂಜಿ ತೆಗೆದ 20 ಮಿ.ಲೀ. ಸಿರಿಂಜಿನಲ್ಲಿ ಉಪ್ಪುನೀರು ತುಂಬಿ ಓರೆಯಾಗಿ ಚಿಮ್ಮಿಸಿದೆ. ಹದಿನೈದು ಸಲ. ಮೊದಲ ನಾಲ್ಕು ಸಲ ಕಂದು ನೀರು ಬಂತು, ಜೊತೆಗೆ ತುಕ್ಕಿನ ಎರಡು ಚೂರು, ಕೆಂಪು ಮಣ್ಣು. ಐದನೆಯದರಿಂದ ನೀರು ತಿಳಿ. ಹತ್ತಿಯ ಉಂಡೆ ಮುಟ್ಟಲಿಲ್ಲ, ಅದರ ಎಳೆ ಗಾಯಕ್ಕೆ ಕಚ್ಚಿಕೊಳ್ಳುತ್ತದೆ. ಕೊನೆಗೆ ಪೊವಿಡೋನ್ ಅಯೋಡಿನ್ ಎಂಬ ಆಂಟಿಸೆಪ್ಟಿಕ್ ದ್ರಾವಣವನ್ನು ನೀರಿಗೆ ಬೆರೆಸಿ, ಹಾಲು ಹಾಕದ ತೆಳು ಚಹಾದ ಬಣ್ಣಕ್ಕೆ ತಂದು ಸವರಿದೆ. ಬಾಟಲಿಯಿಂದ ನೇರ ಸುರಿಯುವುದಲ್ಲ. ಗಾಯದ ಪಕ್ಕ 5 ರೂಪಾಯಿ ನಾಣ್ಯ ಇಟ್ಟು ಫೋನಿನಲ್ಲಿ ಒಂದು ಫೋಟೋ ತೆಗೆದೆ. ಆ ದಿನ ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ ಎಂದು ಆಮೇಲೆ ಗೊತ್ತಾಯಿತು.

ಅಪ್ಪ ತಮ್ಮ ಮಂಡಿನೋವಿನ ಮಾತ್ರೆ ಅರ್ಧ ಮುರಿದು ತಂದರು. "ಪಾಪ, ನೋವಿರುತ್ತೆ, ಕೊಡು." ಅದು ಡೈಕ್ಲೋಫೆನಾಕ್. ನಾಯಿಗೆ ಅದೂ, ಐಬುಪ್ರೊಫೆನ್ ಕೂಡ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ನಾಯಿಯ ಯಕೃತ್ತಿಗೆ ಅಪಾಯ, ಬೆಕ್ಕಿಗೆ ಒಂದೇ ಮಾತ್ರೆ ಸಾಕು ಜೀವ ಹೋಗಲು. ಇದೇ ಡೈಕ್ಲೋಫೆನಾಕನ್ನು ದನಗಳಿಗೆ ಕೊಟ್ಟು, ಸತ್ತ ದನ ತಿಂದ ರಣಹದ್ದುಗಳು ಸತ್ತವು ಎಂದು 2006ರಲ್ಲಿ ಪಶುಗಳಿಗೆ ಕೊಡುವುದನ್ನೇ ನಿಲ್ಲಿಸಿದರು. ಅಪ್ಪ ಮಾತ್ರೆಯನ್ನು ತಾವೇ ನುಂಗಿದರು.

ಇಲ್ಲಿಯವರೆಗೆ ಎಲ್ಲ ಸರಿ ಇತ್ತು. ಆಮೇಲೆ ನಾನು ಗಾಯಕ್ಕೆ ಹಳೆಯ ಪಂಚೆ ಹರಿದು ಹೊಟ್ಟೆಯ ಸುತ್ತ ಪಟ್ಟಿ ಕಟ್ಟಿದೆ.

ಎರಡನೇ ದಿನ, ಮೂರನೇ ದಿನ

ಮಲೆನಾಡಿನ ಆಗಸ್ಟ್ ಮಳೆಯಲ್ಲಿ ನಾಯಿಯ ಹೊಟ್ಟೆಗೆ ಬಟ್ಟೆ ಕಟ್ಟಿ ಅಂಗಳಕ್ಕೆ ಬಿಟ್ಟರೆ ಏನಾಗುತ್ತದೆ ಎಂದು ಯೋಚಿಸಬೇಕಿತ್ತು. ಸಂಜೆ ಬಿಚ್ಚಿದಾಗ ಬಟ್ಟೆ ಹಿಂಡಿದರೆ ನೀರು ಬರುವ ಹಾಗಿತ್ತು. ಗಾಯದ ಸುತ್ತಲ ಚರ್ಮ, ತುಂಬಾ ಹೊತ್ತು ಪಾತ್ರೆ ತೊಳೆದವರ ಬೆರಳಿನ ಹಾಗೆ, ಬೆಳ್ಳಗೆ ಸುಕ್ಕಾಗಿತ್ತು.

ಇಲ್ಲಿ ಒಂದು ಮಾತು. ಗಾಯ ಒಣಗಬೇಕು, ಗಾಳಿ ಆಡಬೇಕು ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದವರು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಸಣ್ಣ ಗಾಯ ಮಾಡಿ ನೋಡಿದ. ಪ್ಲಾಸ್ಟಿಕ್ ಪದರ ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ, ತೆರೆದಿಟ್ಟ ಗಾಯಕ್ಕಿಂತ ಹೆಚ್ಚು ಕಡಿಮೆ ಎರಡು ಪಟ್ಟು ಬೇಗ ಹರಡಿತ್ತು. ಹಾಗಾಗಿ ತೇವ ಕೆಟ್ಟದ್ದಲ್ಲ. ಆದರೆ ಗಾಯದ್ದೇ ತೇವ ಬೇರೆ, ಅಂಗಳದ ಕೆಸರು ನೀರಿನಲ್ಲಿ ನೆನೆದ ಪಂಚೆಯ ಒದ್ದೆ ಬೇರೆ. ನಾನು ಕಟ್ಟಿದ್ದು ಎರಡನೆಯದು. ದಿನಕ್ಕೊಮ್ಮೆ ಬದಲಿಸಲು, ಒಣಗಿಡಲು ಆಗದಿದ್ದರೆ ಸಣ್ಣ ಗೀರಿಗೆ ಪಟ್ಟಿಯೇ ಬೇಡ.

ಪಟ್ಟಿ ಬಿಚ್ಚಿ ಹಾಗೇ ಬಿಟ್ಟೆ. ನಾನು ತೋಟಕ್ಕೆ ಹೋಗಿದ್ದಾಗ ಅಮ್ಮ ಅರಿಶಿನಕ್ಕೆ ಕೊಬ್ಬರಿ ಎಣ್ಣೆ ಕಲಸಿ ದಪ್ಪಗೆ ಮೆತ್ತಿದ್ದರು. ಕೇಳಿದರೆ, "ನಿನಗೆ ಮೊಣಕಾಲು ಒಡೆದಾಗ ನಾನು ಯಾವ ಡಾಕ್ಟ್ರ ಹತ್ರ ಹೋಗಿದ್ದೆ?" ಎಂದರು. ಉತ್ತರ ಇರಲಿಲ್ಲ. ಅರಿಶಿನದಲ್ಲಿ ಊತ ತಗ್ಗಿಸುವ ಗುಣ ಇದೆ, ಸುಳ್ಳಲ್ಲ. ಆದರೆ ಸಾಂಬಾರ ಡಬ್ಬಿಯ ಪುಡಿ ಮದ್ದಿನ ಹಾಗೆ ಶುದ್ಧ ಇರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಅದರ ಬಣ್ಣ. ಗಾಯ ಕೆಂಪಾಗಿದೆಯೋ, ಕೀವು ಕಟ್ಟಿದೆಯೋ, ಕೆಂಪು ಹರಡುತ್ತಿದೆಯೋ, ಒಂದೂ ಕಾಣುವುದಿಲ್ಲ. ಕೀವೂ ಹಳದಿ, ಅರಿಶಿನವೂ ಹಳದಿ. ಮೇಲಾಗಿ ಕೊಬ್ಬರಿ ಎಣ್ಣೆ ಎಂದರೆ ಕೆಂಪಿಗೆ ತಿಂಡಿ.

ರಾತ್ರಿಯಿಡೀ ನೆಕ್ಕಿದಳು. ಜಗಲಿಯಿಂದ ಸಪ್ಪಳ ಕೇಳುತ್ತಿತ್ತು. ಅಪ್ಪ ಮಲಗಿದಲ್ಲಿಂದಲೇ, "ಅದೇ ನೆಕ್ಕಿ ವಾಸಿ ಮಾಡ್ಕೊಳ್ಳುತ್ತೆ ಬಿಡು" ಎಂದರು. ಈ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಇದು ಸಾಯುವುದಿಲ್ಲ. 1990ರಲ್ಲಿ ಬಂದ ಒಂದು ಅಧ್ಯಯನದಲ್ಲಿ ನಾಯಿಯ ಜೊಲ್ಲು ಎರಡು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ಕಂಡಿತ್ತು. ಅದೇ ಅಧ್ಯಯನದಲ್ಲಿ, ಚರ್ಮದ ಗಾಯದಲ್ಲಿ ಸಾಮಾನ್ಯವಾಗಿ ಕೀವು ಮಾಡುವ ಸ್ಟೆಫೈಲೋಕಾಕಸ್ ಮೇಲೆ ಅದರ ಆಟ ಅಷ್ಟಾಗಿ ನಡೆಯಲಿಲ್ಲ. ಇನ್ನು ನಾಲಿಗೆಯೋ, ಉಪ್ಪುಕಾಗದದ ತಮ್ಮ. ಎರಡು ಸಲ ನೆಕ್ಕಿದರೆ ಕೊಳೆ ಹೋಗಬಹುದು, ಇನ್ನೂರು ಸಲ ನೆಕ್ಕಿದರೆ ಚರ್ಮವೇ ಹೋಗುತ್ತದೆ.

ಬೆಳಗ್ಗೆ ನೋಡಿದರೆ ಹಕ್ಕಳೆ ಇರಲಿಲ್ಲ. 4 ಸೆಂ.ಮೀ. ಗೀರಿನ ಜಾಗದಲ್ಲಿ ಅಂಗೈಯ ಅರ್ಧದಷ್ಟು ಅಗಲಕ್ಕೆ ಕೂದಲು ಉದುರಿ, ಕೆಂಪಾಗಿ, ನೀರು ಒಸರುತ್ತಿತ್ತು. ಹುಳಿ ಹುಳಿ ವಾಸನೆ. ಮೊದಲ ದಿನದ ಫೋಟೋ ತೆಗೆದು ಪಕ್ಕಕ್ಕೆ ಹಿಡಿದೆ. ನಾಣ್ಯ ಅದೇ, ಗಾಯ ಬೇರೆ. ಫೋಟೋ ಇಲ್ಲದಿದ್ದರೆ "ಸ್ವಲ್ಪ ಜಾಸ್ತಿ ಆಗಿದೆ" ಎಂದುಕೊಂಡು ಇನ್ನೊಂದು ದಿನ ಸುಮ್ನೆ ಕಳೆಯುತ್ತಿದ್ದೆ.

ಉಪ್ಪುನೀರಿನಲ್ಲಿ ಅರಿಶಿನ ತೊಳೆಯುವಾಗ ಮಗಳು, "ಇಲ್ಲಿ ರವೆ ಅಂಟಿದೆ" ಎಂದಳು. ಗಾಯದ ಅಂಚಿನ ಕೂದಲ ಬುಡದಲ್ಲಿ ಅಕ್ಕಿ ತರಿಯ ಹಾಗೆ ಬೆಳ್ಳಗೆ, ಸಣ್ಣ ಗೊಂಚಲು. ರವೆ ಅಲ್ಲ. ನೊಣದ ಮೊಟ್ಟೆ. ಬೆಚ್ಚಗಿದ್ದರೆ ಇವು ಒಂದು ದಿನದೊಳಗೆ ಒಡೆಯುತ್ತವೆ, ಒಡೆದರೆ ಹುಳ. ಊರಲ್ಲಿ ದನಕ್ಕೆ, ನಾಯಿಗೆ "ಹುಳ ಬಿತ್ತು" ಎನ್ನುವುದು ಇದನ್ನೇ. ನಮ್ಮ ದೇಶದಲ್ಲಿ ಜೀವಂತ ಮಾಂಸವನ್ನೇ ತಿನ್ನುವ ಜಾತಿಯ ನೊಣದ ಹುಳವೂ ಇದೆ. ಮೇಲೆ ಕಡಲೆಕಾಳಿನಷ್ಟು ತೂತು, ಒಳಗೆ ಲಿಂಬೆಹಣ್ಣಿನಷ್ಟು ಟೊಳ್ಳು ಆಗುವುದನ್ನು ನಾನು ಕೊಟ್ಟಿಗೆಯಲ್ಲಿ ಕಣ್ಣಾರೆ ನೋಡಿದ್ದೇನೆ. ಹೊಟ್ಟೆ ತೊಳಸಿತು.

ಸಣ್ಣ ಹಲ್ಲಿನ ಹೇನಿನ ಬಾಚಣಿಗೆಯಿಂದ ಮೊಟ್ಟೆಗಳನ್ನು ಎಳೆದು ತೆಗೆದೆ. ಬಾರದೇ ಇದ್ದ ಕಡೆ ಕೂದಲನ್ನೇ ಬುಡದ ತನಕ ಕತ್ತರಿಸಿದೆ. ಎಲ್ಲವನ್ನೂ ಕಾಗದದಲ್ಲಿ ಸುತ್ತಿ ಒಲೆಗೆ ಹಾಕಿದೆವು. ಇಂಥ ಹೊತ್ತಿನಲ್ಲಿ ಸೀಮೆಎಣ್ಣೆ, ಟರ್ಪೆಂಟೈನ್, ಫಿನಾಯಿಲ್, ನುಸಿಗುಳಿಗೆ ಪುಡಿ ಎಂದು ಸಲಹೆ ಕೊಡುವವರು ದಾರಿಗೊಬ್ಬರು ಸಿಗುತ್ತಾರೆ. ಹುಳ ಸಾಯುತ್ತದೆ, ನಿಜ. ಚರ್ಮವೂ ಸುಡುತ್ತದೆ. ನುಸಿಗುಳಿಗೆ ನಾಯಿಯ ಹೊಟ್ಟೆಗೆ ಹೋದರೆ ರಕ್ತಕ್ಕೇ ವಿಷ.

ಡಾಕ್ಟರು ಹೇಳಿದ್ದು

ಪೇಟೆಯ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಗಾಯಕ್ಕಿಂತ ಮೊದಲು ನೋಡಿದ್ದು ಸುತ್ತಲಿನ ಕೂದಲನ್ನು. ಹಳದಿ ಬಣ್ಣ ಕಂಡು ನಕ್ಕರು. "ಅಮ್ಮ ಮನೇಲಿದ್ದಾರೆ ಅನ್ನಿ."

"ಇದ್ದಾರೆ ಸರ್. ಟಿ.ಟಿ. ಇಂಜೆಕ್ಷನ್ ಬೇಕಾ? ತುಕ್ಕು ತಂತಿ."

"ನಾಯಿಗೆ ಧನುರ್ವಾಯು ಬರೋದು ಬಹಳ ಅಪರೂಪ. ಕುದುರೆಗೆ, ಮನುಷ್ಯರಿಗೆ ಬಂದ ಹಾಗೆ ಅಲ್ಲ. ತಂತಿ ಬಿಡಿಸುವಾಗ ನಿಮಗೇನಾದ್ರೂ ಗೀರಿದ್ರೆ ನೀವು ಹಾಕಿಸ್ಕೊಳ್ಳಿ."

ಕೂದಲನ್ನು ಇನ್ನೂ ಎರಡು ಬೆರಳು ಅಗಲಕ್ಕೆ ಬೋಳಿಸಿದರು. ಇದು ಒದ್ದೆಯಿಂದ, ನೆಕ್ಕುವುದರಿಂದ ಆದ ಮೇಲುಚರ್ಮದ ಹುಣ್ಣು, ಒಳಗೆ ಹುಳ ಇಲ್ಲ, ಜ್ವರ ಇಲ್ಲ, ಊಟ ಬಿಟ್ಟಿಲ್ಲ, ಹಾಗಾಗಿ ಆಂಟಿಬಯಾಟಿಕ್ ಮಾತ್ರೆ ಸದ್ಯಕ್ಕೆ ಬೇಡ ಎಂದರು. ನನಗೆ ಆಶ್ಚರ್ಯ ಆಯಿತು. ಮಾತ್ರೆ ಬರೆಯದ ಡಾಕ್ಟರೆಂದರೆ ನಮಗೆ ಏನೋ ಕಡಿಮೆ ಕೊಟ್ಟ ಹಾಗೆ, ಅಲ್ವಾ? ನೋವಿಗೆ, ಉರಿಗೆ ನಾಯಿಗೆ ಹೊಂದುವ ಒಂದು ಇಂಜೆಕ್ಷನ್ ಕೊಟ್ಟರು. ದಿನಕ್ಕೆ ಎರಡು ಸಲ ತೊಳೆದು ಒರೆಸಿ ಹಚ್ಚಲು ಮುಲಾಮು ಬರೆದರು. ಗಾಯದ ಸುತ್ತ ಹೊಡೆಯಲು ನೊಣ ಓಡಿಸುವ ಸ್ಪ್ರೇ. ಮನೆಯಲ್ಲಿ ತುರಿಕೆಗೆಂದು ಇಟ್ಟುಕೊಂಡ ಸ್ಟೀರಾಯ್ಡ್ ಮುಲಾಮು ಹಚ್ಚಬೇಡಿ, ಕೆಂಪು ಇಳಿದ ಹಾಗೆ ಕಾಣುತ್ತದೆ, ಗಾಯ ಮಾಯುವುದು ತಡವಾಗುತ್ತದೆ ಎಂದರು.

"ಕೋನ್ ಹಾಕಿ. ನಾಯಿ ನೆಕ್ಕೋದು ನಿಲ್ಲಿಸದೆ ನಾನೇನು ಬರೆದ್ರೂ ಅದರ ಹೊಟ್ಟೆಗೇ ಹೋಗುತ್ತೆ."

ಕೋನ್ ಅಂದರೆ ನಾಯಿಯ ಬಾಯಿ ಗಾಯಕ್ಕೆ ತಲುಪದಂತೆ ಕುತ್ತಿಗೆಗೆ ಕಟ್ಟುವ ಲಾಳಿಕೆಯಂಥದ್ದು. ಅಂಗಡಿಯಲ್ಲಿ ಅವಳ ಅಳತೆಯದು ಇರಲಿಲ್ಲ. ತರಿಸಲು ನಾಲ್ಕು ದಿನ ಬೇಕು ಎಂದರು. ಹಳೆಯ ಎಕ್ಸ್‌ರೇ ಫಿಲ್ಮಿನಲ್ಲೂ ಆಗುತ್ತದೆ ಎಂದು ಡಾಕ್ಟರೇ ಕಾಗದದ ಮೇಲೆ ಗೀಚಿ ತೋರಿಸಿದ್ದರು. ಮನೆಗೆ ಬಂದು ಕಪಾಟು ಹುಡುಕಿದರೆ ಅಪ್ಪನ ಎರಡು ಮೊಣಕಾಲಿನ ಎರಡು ಫಿಲ್ಮ್ ಸಿಕ್ಕವು. ಜೋಡಿಸಿ, ಬೀಸಣಿಗೆಯ ಆಕಾರಕ್ಕೆ ಕತ್ತರಿಸಿ, ಕುತ್ತಿಗೆಯ ಕಡೆ ಬಟ್ಟೆಯ ಅಂಚು ಹೊಲಿದು, ಕೊಳವೆ ಮಾಡಿ ಕುತ್ತಿಗೆ ಪಟ್ಟಿಗೆ ದಾರದಿಂದ ಕಟ್ಟಿದೆ. ಅಳತೆಗೆ ಎರಡೇ ಲೆಕ್ಕ: ಕೋನ್ ಮೂಗಿನ ತುದಿಗಿಂತ ಎರಡು ಬೆರಳು ಮುಂದೆ ಚಾಚಿರಬೇಕು, ಕುತ್ತಿಗೆಯಲ್ಲಿ ಎರಡು ಬೆರಳು ತೂರುವಷ್ಟು ಸಡಿಲ ಇರಬೇಕು. ಮೂತಿಯ ಸುತ್ತ ಅಪ್ಪನ ಮಂಡಿಚಿಪ್ಪು ಹೊಳೆಯುತ್ತಾ ಕೆಂಪಿ ಮನೆಯ ಕಂಬಕ್ಕೆಲ್ಲ ಡಿಕ್ಕಿ ಹೊಡೆದಳು. ಮೊದಲ ದಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತೇ ಇದ್ದಳು. ಊಟ, ನೀರಿನ ಹೊತ್ತಿಗೆ ಮಾತ್ರ ಬಿಚ್ಚಿ, ಎದುರೇ ಕೂತು, ಆದ ತಕ್ಷಣ ಮತ್ತೆ ಕಟ್ಟುತ್ತಿದ್ದೆ. ಪಾಪ ಎನಿಸಿ ಒಂದು ರಾತ್ರಿ ಬಿಚ್ಚೋಣ ಅಂದರು ಅಮ್ಮ. ಮೂರನೇ ದಿನದ ಫೋಟೋ ತೋರಿಸಿದೆ.

ಆಮೇಲೆ

ಇಲ್ಲಿಂದ ಮುಂದೆ ಹೇಳುವುದಕ್ಕೆ ಜಾಸ್ತಿ ಇಲ್ಲ. ಐದನೇ ದಿನ ಒಸರುವುದು ನಿಂತಿತು. ಏಳನೇ ದಿನ ಅಂಚಿನಿಂದ ತೆಳು ಗುಲಾಬಿ ಚರ್ಮ ಒಳಮುಖವಾಗಿ ಬರುವುದು ಫೋಟೋದಲ್ಲಿ ಕಂಡಿತು. ಒಂಬತ್ತನೇ ದಿನ ಹೊಸ ಹಕ್ಕಳೆ, ಹನ್ನೆರಡಕ್ಕೆ ಅದು ತಾನಾಗಿ ಉದುರಿತು. ನಾವು ಕೀಳಲಿಲ್ಲ. ಹದಿನಾಲ್ಕಕ್ಕೆ ಕೋನ್ ಬಿಚ್ಚಿದೆ. ಸ್ನಾನ ಮಾಡಿಸಿದ್ದು ಅದಾದ ಒಂದು ವಾರಕ್ಕೆ, ನಾಯಿಯ ಶಾಂಪೂವಿನಲ್ಲಿ.

ಅದೇ ವಾರ ಕೆಳಗಿನ ಮನೆಯ ನಾಯಿಗೂ ಗಾಯ ಆಗಿತ್ತು. ಬೇರೆ ನಾಯಿ ಕಚ್ಚಿದ್ದು. ಕುತ್ತಿಗೆಯಲ್ಲಿ ಬರೀ ಎರಡು ಸಣ್ಣ ತೂತು, ರಕ್ತವೂ ಇಲ್ಲ. ಕೆಂಪಿಯ ಗಾಯದ ಪಕ್ಕ ಇಟ್ಟರೆ ಅದು ಲೆಕ್ಕಕ್ಕೇ ಇಲ್ಲ ಎನಿಸುತ್ತಿತ್ತು. ಆ ಮನೆಯ ಅಕ್ಕ ನನ್ನ ಹತ್ತಿರ ಸಿರಿಂಜು ಕೇಳಲು ಬಂದರು. ಕೊಡಲಿಲ್ಲ. "ಅಕ್ಕ, ಇದು ಮನೆಯಲ್ಲಿ ಮಾಡುವುದಲ್ಲ, ಈಗಲೇ ಹೊರಡಿ" ಎಂದೆ. ಕೋರೆಹಲ್ಲು ಮೇಲೆ ಸೂಜಿಯಷ್ಟು ತೂತು ಮಾಡಿದರೂ ಒಳಗೆ ಹಿಡಿದು ಅಲ್ಲಾಡಿಸಿ ಮಾಂಸ ಹರಿದಿರುತ್ತದೆ, ಬಾಯಿಯ ಕೊಳೆಯನ್ನು ಒಳಗೆ ನೆಟ್ಟು ಬಂದಿರುತ್ತದೆ. ಮೇಲಿನ ತೂತು ಬೇಗ ಮುಚ್ಚಿಕೊಂಡು ಮೂರ್ನಾಲ್ಕು ದಿನಕ್ಕೆ ಒಳಗೆ ಕೀವಿನ ಗಡ್ಡೆ ಏಳುತ್ತದೆ. ಅದಕ್ಕೂ ಮೊದಲ ಮಾತು ರೇಬೀಸ್. ಕೈಗವಸು ಹಾಕಿಕೊಂಡು, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಮೊದಲೇ ಲಸಿಕೆ ಆಗಿದ್ದರೂ ಮತ್ತೆ ಹಾಕಿಸಲು ಓಡಬೇಕು. ತೊಳೆಯುವವರ ಕೈಯಲ್ಲಿ ತರಚಿದ್ದು ಇದ್ದು ಜೊಲ್ಲು ತಾಗಿದರೆ ಅವರೂ ಆಸ್ಪತ್ರೆಗೆ ಹೋಗಬೇಕು. ಕಣ್ಣಿನ ಹತ್ತಿರ, ಕೀಲಿನ ಮೇಲೆ, ಎದೆಗೆ ಚುಚ್ಚಿದ ಗಾಯಗಳೂ ಮನೆಮದ್ದಿನವಲ್ಲ. ನಾಯಿ ಊಟ ಬಿಟ್ಟರೆ, ಮೈ ಬಿಸಿ 103 ದಾಟಿದರೆ, ಗಾಯ ನಾರತೊಡಗಿದರೆ ಕಾಯಬಾರದು. ದೂರದ ಹಳ್ಳಿಯವರು 1962ಕ್ಕೆ ಫೋನ್ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಕೇಳಬಹುದು.

ಖರ್ಚಿನ ಬಗ್ಗೆ ಕೇಳಿದವರಿಗೆ: ಸಿರಿಂಜು, ಅಯೋಡಿನ್, ಜೆಲ್, ಮುಲಾಮು, ಸ್ಪ್ರೇ ಎಲ್ಲ ಸೇರಿ ದೊಡ್ಡ ಮೊತ್ತ ಆಗಲಿಲ್ಲ. ಜಾಸ್ತಿ ಹಿಡಿದಿದ್ದು ಸಮಯ. ಮೊದಲ ಸಂಜೆಯೇ ಕೋನ್ ಹಾಕಿ ಪಂಚೆ ಕಟ್ಟದೆ ಇದ್ದಿದ್ದರೆ ಆ ಆಸ್ಪತ್ರೆಯ ಓಡಾಟ ಬೇಕಿರಲಿಲ್ಲ.

ಬೇಲಿಯ ಆ ತುಂಡು ತಂತಿಯನ್ನು ಒಳಕ್ಕೆ ಮಡಚಿ ಹೊಡೆದಿದ್ದೇವೆ. ಕೆಂಪಿಯ ಪಕ್ಕೆಯಲ್ಲಿ ಕೂದಲು ಮತ್ತೆ ಬಂದಿದೆ, ಗೀರಿದ್ದ ಜಾಗದಲ್ಲಿ ಮಾತ್ರ ನಾಲ್ಕು ಬಿಳಿ ಎಳೆ. ಅಕ್ಟೋಬರಿನಲ್ಲಿ ಅಪ್ಪ ಮಂಡಿ ತೋರಿಸಲು ಶಿವಮೊಗ್ಗಕ್ಕೆ ಹೊರಟರು. ಮೂಳೆ ಡಾಕ್ಟರು ಹಳೆಯ ಎಕ್ಸ್‌ರೇ ತನ್ನಿ ಎಂದಿದ್ದರು. ಅಪ್ಪ ಕಪಾಟೆಲ್ಲ ಹುಡುಕಿ, ಕೊನೆಗೆ ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಿದ್ದ ಕೋನನ್ನು ಬಿಚ್ಚಿ, ದಾರ ತೆಗೆದು, ಬಿಸಿಲಿಗೆ ಹಿಡಿದು ನೋಡಿದರು. ಎಡ ಮಂಡಿ ಸರಿಯಾಗಿಯೇ ಕಾಣುತ್ತಿತ್ತು. ಬಲ ಮಂಡಿಯ ಜಾಗದಲ್ಲಿ ಕೆಂಪಿಯ ಕುತ್ತಿಗೆಯ ತೂತು.